ತೆರಿಗೆಗೊಂದು ಒಡಪು

ಮೈಕ್ರೋವೇವ್ ಮೇಲೆ ಕೂತಿದ್ದ ಜೋಳದ ಹಿಟ್ಟನ್ನು ಒರೆಸುತ್ತಿದ್ದ ಕಲ್ಲಿನಾಥರಿಗೆ ಶೇಂಗಾ ಚಟ್ನಿಯ ಡಬ್ಬಿಯಡಿಯಿಂದ ಒಂದು ಲಕೋಟೆ ಸಿಕ್ಕಿತು. ಎಣ್ಣೆ ಕುಡಿದು ಕರಿದ ಹಪ್ಪಳದಂತಾಗಿತ್ತು. ರಾಜ್ಯದ ತೆರಿಗೆ ಇಲಾಖೆಯದು, ಹೆಂಡತಿ ಮಲ್ಲಮ್ಮನ ಹೆಸರಿಗೆ ಬಂದದ್ದು. ನೀವು ನೀವೇ ಎಂದು ಫೋನಿನಲ್ಲೋ ಅಂಚೆಯಲ್ಲೋ ಖಾತ್ರಿಪಡಿಸಿ, ಇಲ್ಲದಿದ್ದರೆ ನಿಮ್ಮಿಬ್ಬರ ರಿಟರ್ನ್ ರದ್ದು. ಕಡೆಯ ದಿನ ಅಂದೇ.

"ಫೋನಿನಾಗ ಐದು ಮಿನಿಟಿನ ಕೆಲಸ" ಎಂದು ಅದನ್ನು ಅಲ್ಲಿಟ್ಟು ಮರೆತವರು ಕಲ್ಲಿನಾಥರೇ. ನಿವೃತ್ತರಾದ ಮೇಲೆ ಅಮೆರಿಕದ ಕ್ಯಾಂಟನ್ ಊರಿನ ಆ ಬಡಾವಣೆಯ ಅರ್ಧ ಜನರ ತೆರಿಗೆ ತುಂಬಿಕೊಡುತ್ತಿದ್ದವರೂ ಅವರೇ. ಆಗಲೂ ಊಟದ ಮೇಜಿನ ಮೇಲೆ, ತೆರಿಗೆ ತುಂಬಿಸಿಕೊಳ್ಳಲು ಬಂದ ಅದೇ ಬಡಾವಣೆಯ ತಿರುಮಲೇಶ ತನ್ನ ಕಾಗದಗಳನ್ನು ಹರವಿಕೊಂಡಿದ್ದ. ಪಕ್ಕದ ಮನೆಯ ಭಾನು ಡಬ್ಬಿ ವಾಪಸು ಕೊಡಲು ಬಂದವಳು ಚಹಾಕ್ಕೆ ಕಾಯುತ್ತಿದ್ದಳು.

"ಏನಂಕಲ್, ನಿಮ್ದೇ ರಿಜೆಕ್ಟ್ ಆಯ್ತಾ?" ಎಂದ ತಿರುಮಲೇಶ ಮೆಲ್ಲಗೆ ತನ್ನ ಕಾಗದಗಳನ್ನು ಒಟ್ಟುಗೂಡಿಸತೊಡಗಿದ.

"ರಿಜೆಕ್ಟ್ ಅಲ್ಲಪಾ, ವೆರಿಫೈ! ಏ, ಇಲ್ಲಿ ಬಾ, ಫೋನ್ ಮಾಡು."

ಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಸ್ಪೀಕರ್ ಫೋನಿನ ಮುಂದೆ ಕೂತರು. ಕಾಯಿಸುವ ಪಿಟೀಲು ಬಹಳ ಹೊತ್ತು ಕೇಳಿಸಿದ ಮೇಲೆ ಇಲಾಖೆಯ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಮಾತಾಡಿದಳು. ನಿಜವನ್ನೇ ಹೇಳಬೇಕು, ಸುಳ್ಳು ಅಪರಾಧ. ಉತ್ತರಗಳು ಗುಟ್ಟು, ಗಂಡನಿಗೂ ಹೇಳುವಂತಿಲ್ಲ ಎಂದಳು. ಮಲ್ಲಮ್ಮ ಪೂಜೆಗೆ ಕೂತವರಂತೆ ತಲೆಯಾಡಿಸಿದರು. ವಿಳಾಸ ಸರಿಹೋಯಿತು. ಹಳೇ ವಿಳಾಸ, ಶಾಮ್‌ಬರ್ಗ್‌ನದು, ಅದೂ ಸರಿಹೋಯಿತು.

"ನಿಮ್ಮ ಗಂಡನ ಹೆಸರು?"

"ಮೈ ಹಸ್ಬೆಂಡ್" ಎಂದರು ಮಲ್ಲಮ್ಮ.

"ಹೌದು ಮೇಡಂ, ಹೆಸರು?"

"ಹಿ ಈಸ್ ಸಿಟಿಂಗ್ ಹಿಯರ್ ಓನ್ಲಿ."

ಗಂಡನ ಹೆಸರು ಹಿಡಿದು ಹೇಳುವ ರೂಢಿ ಮಲ್ಲಮ್ಮನ ತವರಿನಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಇಷ್ಟು ವರ್ಷ ಡಾಕ್ಟರರ ಬಳಿಯೂ ಬ್ಯಾಂಕಿನಲ್ಲೂ ಕಾರ್ಡು ತೋರಿಸಿ ಸಾಗಿಸಿದ್ದರು. ಫೋನಿಗೆ ಕಾರ್ಡು ತೋರಿಸುವುದು ಹೇಗೆ?

"ಹೇಳಿಬಿಡಿ ಆಂಟಿ, ಏನೂ ಆಗಲ್ಲ!" ಭಾನು ಪಿಸುಗುಟ್ಟಿದಳು. ಮಲ್ಲಮ್ಮ ಆಗದೆಂದು ಕೈಯಾಡಿಸಿದಾಗ ಅವಳೇ ಫೋನಿಗೆ ಬಗ್ಗಿ, ಮುದುಕಿಯ ದನಿ ತೆಗೆದು, "ಕಲ್ಲಿನಾಥ" ಎಂದಳು.

"ಇದು ಯಾರ ದನಿ?" ಎಂದಳು ಇಲಾಖೆಯವಳು.

"ನೆಗಡಿ" ಎಂದ ತಿರುಮಲೇಶ.

"ಮತ್ತೆ ಇದು?"

ಕಲ್ಲಿನಾಥರು ಹಣೆ ಚಚ್ಚಿಕೊಂಡರು. "ನೀ ಹೇಳ ಮಾರಾಯ್ತಿ! ಮದಿವ್ಯಾಗ ಹೇಳಿದ್ದಿಲ್ಲೇನು?"

ಹೇಳಿದ್ದರು. ಹೇಳಲೇಬೇಕಾದಾಗ ಗಂಡನ ಹೆಸರನ್ನು ಪದ್ಯದೊಳಗೆ ಕಟ್ಟಿ ಹೇಳುವ ಒಡಪು ಉಂಟಲ್ಲ. ಮಲ್ಲಮ್ಮ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಫೋನಿಗೆ ಹೇಳಿದರು:

"ಬಿಳಿ ಜ್ವಾಳದ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೇನಿ,
ಕಲ್ಲಿನಾಥರ ಹೆಸರು ಹೇಳಿ ಹೊಸ್ತಿಲ ದಾಟೇನಿ."

ಕಲ್ಲಿನಾಥರ ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತಿತು. ಗಜೇಂದ್ರಗಡದ ಮನೆಯ ಬಾಗಿಲಿಗೆ ಅಡ್ಡ ನಿಂತ ಅಕ್ಕಂದಿರು, ಹೆಸರು ಹೇಳಿದರಷ್ಟೇ ಒಳಗೆ ಎಂದು ಅವರು ಕಾಡಿದ್ದು, ಬಾಸಿಂಗದ ಕೆಳಗೆ ನಡುಗುತ್ತಿದ್ದ ಸಣ್ಣ ದನಿ. ಅಂದು ಕೇಳಿದ್ದು, ಮತ್ತೆ ಇವತ್ತು. ತೆರಿಗೆ, ಗಡುವು ಎಲ್ಲ ಅವರ ತಲೆಯಿಂದ ಇಳಿದುಹೋಯಿತು.

"ಬಹಳ ಉದ್ದದ ಹೆಸರು, ಆದರೆ ಚೆಂದವಿದೆ" ಎಂದಳು ಆ ಕಡೆಯವಳು. "ನಡುವೆ ಕಲ್ಲಿನಾಥ ಕೇಳಿಸಿತು, ಸಾಕು. ಕಡೆಯ ಪ್ರಶ್ನೆ. ಅವರ ಹುಟ್ಟಿದ ದಿನ?"

ಕಲ್ಲಿನಾಥರು ಉಸಿರು ಬಿಟ್ಟರು. ಇದು ಸುಲಭ.

"ಶೀಗಿ ಹುಣ್ಣಿಮೆ" ಎಂದರು ಮಲ್ಲಮ್ಮ. "ಅಕ್ಟೋಬರ್."

ಕಲ್ಲಿನಾಥರು ಬಟ್ಟೆ ಬೀಸಿದರು, ಒಂದು ಬೆರಳೆತ್ತಿ ಕುಣಿದರು, ಕಡೆಗೆ ತಡೆಯಲಾರದೆ "ಜೂನ್ ಒಂದು!" ಎಂದು ಕೂಗಿಯೇಬಿಟ್ಟರು.

"ಯಾರೋ ಹೇಳಿಕೊಡುತ್ತಿದ್ದಾರೆ. ಕ್ಷಮಿಸಿ ಮೇಡಂ, ಇನ್ನು ಫೋನಿನಲ್ಲಿ ಆಗುವುದಿಲ್ಲ. ಲಕೋಟೆಯಲ್ಲಿರುವ ಫಾರಂ ನೀವೇ ತುಂಬಿ, ನಿಮ್ಮಿಬ್ಬರ ಡ್ರೈವಿಂಗ್ ಲೈಸೆನ್ಸಿನ ನಕಲು ಸೇರಿಸಿ ಇವತ್ತೇ ಅಂಚೆಗೆ ಹಾಕಿ." ಫೋನು ಕಟ್ಟಾಯಿತು.

"ಶಾಲಿ ಮಾಸ್ತರ್ ಇಡೀ ವರ್ಗಕ್ಕ ಜೂನ್ ಒಂದು ಬರದಿದ್ರು, ನಿನಗ ಗೊತ್ತಿಲ್ಲೇನು?"

"ಗೊತ್ತದರಿ. ಆದ್ರ ಖರೇನ ಹೇಳಬೇಕು ಅಂದಳಲ್ಲ? ಹುಟ್ಟಿದ್ದು ಶೀಗಿ ಹುಣ್ಣಿವಿಗೇ ಅಂತ ಅತ್ತಿಯವರು ಹೇಳ್ಯಾರ. ವರ್ಷಾ ಅವತ್ತ ಹೋಳಿಗಿ ತಿಂತೀರಿ, ಜೂನಿನಾಗೇನು ತಿಂದೀರಿ?"

"ಬರ್ತೀನಿ ಅಂಕಲ್" ಎಂದ ತಿರುಮಲೇಶ, ಕಾಗದಗಳನ್ನು ಎದೆಗವಚಿಕೊಂಡು. "ನಂದು ನಾನೇ ಆನ್‌ಲೈನ್ ನೋಡ್ಕೋತೀನಿ."

ಕಲ್ಲಿನಾಥರು ಲೈಸೆನ್ಸುಗಳ ನಕಲು ತೆಗೆಯುವಷ್ಟರಲ್ಲಿ ಮಲ್ಲಮ್ಮ ಬಾಗಿಲು ಹಾಕಿಕೊಂಡು ಫಾರಂ ತುಂಬಿದರು. ನಕಲುಗಳನ್ನು ಬಾಗಿಲ ಸಂದಿಯಿಂದಲೇ ತೆಗೆದುಕೊಂಡು ಲಕೋಟೆ ಅಂಟಿಸಿಯೂ ಬಿಟ್ಟರು. ಅಂಚೆಯವರು ಬೀದಿಯ ಅಂಚೆಡಬ್ಬಿ ತೆರವು ಮಾಡುವ ಮುನ್ನ ಇಬ್ಬರೂ ಓಡಿಬಂದರು. ಇಷ್ಟು ದಿನ ಚಟ್ನಿಯಡಿ ಮಲಗಿದ್ದ ಕಾಗದದ ಉತ್ತರ ನೀಲಿ ಡಬ್ಬಿಯೊಳಗೆ ಧಡ್ಡೆಂದು ಬಿತ್ತು.

"ಜೂನ್ ಒಂದು ಬರದಿ ಹೌದಿಲ್ಲೋ?"

"ಬರದೀನ್ರಿ, ಲೈಸೆನ್ಸಿನ್ಯಾಗ ಇದ್ದಂಗ. ಹೆಸರಿಗಷ್ಟ ಜಾಗಾ ಸಾಲಲಿಲ್ಲ, ಹಾಳಿ ಹಿಂದಕ್ಕ ಹೋತು."

"ಒಂದು ಹೆಸರಿಗೆ ಹಿಂದಿನ ಹಾಳಿ ಯಾಕ?"

"ಒಡಪಿಲ್ಲದ ಬರೇ ಹೆಸರು ಬರಿಯಾಕ ಬರ್ತದೇನ್ರಿ? ಹಳೇದು ಆಕಿ ಕೇಳ್ಯಾಳ. ಹೊಸಾದು ಬರದೀನಿ, ಕನ್ನಡದಾಗ."

ಕಲ್ಲಿನಾಥರು ಡಬ್ಬಿಯ ಬಾಯಿಗೆ ಮೊಣಕೈವರೆಗೂ ಕೈ ಹಾಕಿ ನೋಡಿದರು. ಎಟುಕಲಿಲ್ಲ. ರಿಟರ್ನಿನ ಗತಿ ಅವರ ಕಣ್ಣಿಗೆ ಕಟ್ಟಿತು. ಆದರೂ ಕೈ ಈಚೆ ತೆಗೆದು, ಸಣ್ಣ ದನಿಯಲ್ಲಿ ಕೇಳಿದರು:

"ಏನಂತ ಬರದಿ? ಒಂದ್ಸಲ ಹೇಳು."

ಮಲ್ಲಮ್ಮ ಸೆರಗು ಹೊದ್ದುಕೊಂಡು ಮನೆಯ ಕಡೆ ಹೊರಟರು.

"ಗಂಡಗೂ ಹೇಳಬ್ಯಾಡಂತ ಆಕಿ ಅಂದಾಳ್ರಿ."