ಸುಳ್ಳು ಮೆಸೇಜು ಒತ್ತುವ ಹುದ್ದೆ

ನನ್ನ ಹೆಂಡತಿ ಉಮಾಮಹೇಶ್ವರಿ ನನಗೆ ಕಡೇದಾಗಿ ಹೇಳಿದ್ದು, "ಫೋನು ಚಾರ್ಜಿಗೆ ಹಾಕ್ರೀ, ಪೂರ್ತಿ ಇಳ್ದೋಗೈತೆ." ಹಾಕಿದೆ. ತಿರುಗಿ ನೋಡಿದಾಗ ಅವಳ ಜೀವ ಇರಲಿಲ್ಲ. ಇದು ನಡೆದ ಸಂಗತಿ.

ಆವತ್ತಿನಿಂದ ಆ ಫೋನು ಇಳಿಯೋದಕ್ಕೆ ನಾನು ಬಿಟ್ಟಿಲ್ಲ. ನನಗೆ ಬೇರೆ ಫೋನೂ ಇಲ್ಲ.

ನಾನು ಅಡವಿಯಪ್ಪ. ತುಮಕೂರಿನ ಒಂದು ಪತ್ತಿನ ಸಹಕಾರ ಸಂಘದ ಹೆಡ್ ಆಫೀಸಿನಲ್ಲಿ ಅಟೆಂಡರು. ಮನೆ ಶೆಟ್ಟಿಹಳ್ಳಿ. ಓದು ನಾಲ್ಕನೇ ಕ್ಲಾಸು. ಸಂಘಕ್ಕೆ ಗುಬ್ಬಿಯಲ್ಲೊಂದು, ಕುಣಿಗಲ್‌ನಲ್ಲೊಂದು ಬ್ರಾಂಚು ಇದೆ.

ಹೋದ ವರ್ಷ ಮೇಲಿನವರಿಂದ ಆದೇಶ ಬಂತು. ನೌಕರರು ಕಂಪ್ಯೂಟರಿಗೆ ಬರುವ ಮೋಸದ ಮೆಸೇಜಿಗೆ ಬೀಳುತ್ತಾರೋ ಇಲ್ಲವೋ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಪಡೆಯತಕ್ಕದ್ದು. ಇಲ್ಲವಾದರೆ ಸಂಘದ ಕಂಪ್ಯೂಟರುಗಳ ಲೈನು ಕತ್ತರಿಸಲಾಗುವುದು. ಅದಕ್ಕೆ ಸಂಘ ಒಂದು ಸಾಫ್ಟ್‌ವೇರು ತರಿಸಿತು. ಅದರ ಕೆಲಸ ನಮಗೇ ಸುಳ್ಳು ಮೆಸೇಜು ಕಳಿಸುವುದು. ನಂಬಿ ಒತ್ತಿದವರ ಹೆಸರು ಸರ್ವರಿಗೆ ಬಂದು ಬೀಳುತ್ತದೆ. ಸರ್ವರು ಅಂದರೆ ಸ್ಟೋರ್ ರೂಮಿನಲ್ಲಿ ಹಳೇ ಕ್ಯಾಲೆಂಡರುಗಳ ಪಕ್ಕ ಇಟ್ಟಿರುವ ಕರೀ ಡಬ್ಬ. ಕ್ಲೈಂಟು ಅಂದರೆ ನಾವು. ಮೋಸ ಹೋಗತಕ್ಕವರು.

ಕಾರ್ಯದರ್ಶಿ ಮಾಲಿನಿ ಮೇಡಂ ಸುತ್ತೋಲೆ ಹೊರಡಿಸಿದರು.

"ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ವತಿಯಿಂದ ಎಲ್ಲಾ ನೌಕರರಿಗೂ ಸುಳ್ಳು ಸಂದೇಶ ಕಳುಹಿಸಲಾಗುವುದು. ಸದರಿ ಸಂದೇಶವನ್ನು ನಂಬಿ ಒತ್ತಿದವರಿಗೆ ಶಿಸ್ತುಕ್ರಮ ಹಾಗೂ ತರಬೇತಿ ಇರುತ್ತದೆ. ಈ ವಿಷಯ ಅತ್ಯಂತ ಗುಟ್ಟಾಗಿರತಕ್ಕದ್ದು. ಓದಿ ಎಲ್ಲರೂ ಸಹಿ ಮಾಡತಕ್ಕದ್ದು."

ಆ ಗುಟ್ಟನ್ನು ನಾನೇ ಬಸ್ಸಿನಲ್ಲಿ ಗುಬ್ಬಿಗೂ ಕುಣಿಗಲ್‌ಗೂ ತಗೊಂಡು ಹೋಗಿ ಎಲ್ಲರ ಸಹಿ ಹಾಕಿಸಿಕೊಂಡು ಬಂದೆ.

ಸೋಮವಾರ ಯಾರೂ ಒತ್ತಲಿಲ್ಲ. ಅಧ್ಯಕ್ಷರಾದ ಯೋಗನರಸಿಂಹ ಅವರು ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಮೋಸ ಹೋಗದ ಸಂಘ ಅಂತ ಬ್ಯಾನರು ಬರೆಸೋಕೂ ಹೇಳಿದರು. ಆಗ ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರು ಕಿರಣ್‌ಕುಮಾರ್ ಸ್ಟೋರ್ ರೂಮಿನಿಂದ ಈಚೆ ಬಂದರು.

"ಸಾರ್, ಯಾರೂ ಒತ್ತಿಲ್ಲ, ನಿಜ. ಆದ್ರೆ ಮೆಸೇಜು ಯಾರಿಗೂ ಹೋಗೇ ಇಲ್ಲ."

"ಹೋಗೇ ಇಲ್ಲ ಅಂದ್ರೆ ಇನ್ನೂ ಸೇಫು ಅಲ್ವೇನ್ರೀ?" ಅಂದರು ಅಧ್ಯಕ್ಷರು.

"ಇಲ್ಲ ಸಾರ್. ಒಬ್ರಾದ್ರೂ ಒತ್ತಿ, ಅದು ಸರ್ವರಿಗೆ ಬಂದ್ರೇನೇ ಪರೀಕ್ಷೆ ನಡೀತು ಅಂತ ಲೆಕ್ಕ. ಆಗ್ಲೇ ಸರ್ಟಿಫಿಕೇಟು."

"ಅಂದ್ರೆ ಒಬ್ರು ಮೋಸ ಹೋಗ್ಬೇಕು."

"ಹೂಂ ಸಾರ್."

"ಮೈಸೂರು ಪಾಕು ಹಂಚಿಬಿಟ್ನಲ್ರೀ," ಅಂದರು ಅಧ್ಯಕ್ಷರು.

ಹೆಡ್ ಆಫೀಸಿನಲ್ಲಿ ಆ ಬೆಳಿಗ್ಗೆ ಯಾರೂ ಕಂಪ್ಯೂಟರೇ ಹಾಕಿರಲಿಲ್ಲ. ಬ್ರಾಂಚುಗಳಲ್ಲಿ ಮೆಸೇಜು ಎಲ್ಲಿ ನಿಂತಿದೆ ಅಂತ ಹುಡುಕೋಕೆ ಕಿರಣ್‌ಕುಮಾರ್ ಹೊರಟರು. ಅವರ ಬ್ಯಾಗು ಹೊರೋಕೆ ನಾನು.

ಗುಬ್ಬಿ ಬ್ರಾಂಚಿನ ಮ್ಯಾನೇಜರು ಪ್ರಮೀಳಾ ಮೇಡಂ. ಅವರ ಕಂಪ್ಯೂಟರಿಗೆ ಏನೂ ಬರುತ್ತಿರಲಿಲ್ಲ. ಕಿರಣ್‌ಕುಮಾರ್ ಮೇಜಿನ ಕೆಳಗೆ ಬಗ್ಗಿ ನೋಡಿ, "ಮೇಡಂ, ನೆಟ್ ವೈರೇ ಇಲ್ವಲ್ಲ?" ಅಂದರು.

"ಲಾಕರಲ್ಲಿ ಇಟ್ಟಿದೀನಿ."

"ಯಾಕೆ ಮೇಡಂ?"

"ನೀವೇ ತಾನೇ ಮೋಸ ಬರ್ತದೆ ಅಂತ ಸುತ್ತೋಲೆ ಕಳ್ಸಿದ್ದು? ವೈರಲ್ಲಿ ತಾನೇ ಬರೋದು? ಕಿತ್ತಿಟ್ಟೆ. ಈಗ ಯಾವನು ಮೋಸ ಮಾಡ್ತಾನೋ ಮಾಡ್ಲಿ, ನೋಡೇಬಿಡಾಣ."

ಸಂತೆಯ ದಿನ. ಕೊಬ್ಬರಿ ವ್ಯಾಪಾರದವರು ಕೌಂಟರಿನ ಮುಂದೆ ನಿಂತಿದ್ದರು. ಮೇಡಂ ಎಲ್ಲರಿಗೂ ಕೈಬರಹದಲ್ಲಿ ರಸೀತಿ ಕೊಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ವೈರು ಕೊಡಿ ಅಂದದ್ದಕ್ಕೆ, ಲಾಕರಿನ ಎರಡನೇ ಬೀಗದ ಕೈ ಯಡಿಯೂರಿಗೆ ದೇವರ ದರ್ಶನಕ್ಕೆ ಹೋಗಿರುವ ಕ್ಯಾಷಿಯರ್ ಹತ್ತಿರ ಇದೆ ಅಂದರು.

ಕುಣಿಗಲ್‌ನಲ್ಲಿ ಮ್ಯಾನೇಜರು ಸೋಮಶೇಖರ್. ಅಲ್ಲಿ ವೈರು ಇತ್ತು. ಮೆಸೇಜಿನ ಪೇಜು ತೆರೆಯುತ್ತಿರಲಿಲ್ಲ.

"ಸಾರ್, ನಿಮ್ಮ ಕಂಪ್ಯೂಟರಲ್ಲಿ ಇನ್ನೂ ಎರಡು ಸಾವಿರದ ಹದಿನಾಲ್ಕನೇ ಇಸವಿ ನಡೀತಿದೆ," ಅಂದರು ಕಿರಣ್‌ಕುಮಾರ್.

"ನಡೀಲಿ ಬುಡಿ. ಆ ವರ್ಷ ಪ್ರಿಂಟರು ಚೆನ್ನಾಗಿತ್ತು."

"ತಾರೀಖು ತಪ್ಪಿದ್ರೆ ಸರ್ವರು ಪೇಜು ಕೊಡಲ್ಲ ಸಾರ್."

"ತಾರೀಖು ಸರಿಮಾಡಿದ್ರೆ ಪ್ರಿಂಟರು ನಿಂತೋಯ್ತದೆ. ಪ್ರಿಂಟರು ಬೇಕೋ ಮೋಸ ಬೇಕೋ, ಹೆಡ್ ಆಫೀಸಿಂದ ಬರೆಸ್ಕೊಂಡು ಬನ್ನಿ. ನಂದೇನೂ ತಕರಾರಿಲ್ಲ."

ನಾನು ಆ ತಾರೀಖನ್ನು ಸ್ವಲ್ಪ ಹೊತ್ತು ನೋಡಿದೆ. ಆ ವರ್ಷ ಉಮಾಮಹೇಶ್ವರಿ ಇದ್ದಳು.

ವಾಪಸು ಬಂದ ಮೇಲೆ ಇನ್ನೊಂದು ಸುತ್ತೋಲೆ ಬಂತು. "ಸಂಘದ ಗೌರವವನ್ನು ಗಮನದಲ್ಲಿಟ್ಟುಕೊಂಡು ಕನಿಷ್ಠ ಒಬ್ಬರು ನೌಕರರು ಸ್ವಇಚ್ಛೆಯಿಂದ ಮೋಸ ಹೋಗತಕ್ಕದ್ದು. ಮೋಸ ಹೋದವರ ಮೇಲೆ ಎಂದಿನಂತೆ ಶಿಸ್ತುಕ್ರಮ ಜರುಗಿಸಲಾಗುವುದು." ಯಾರೂ ಮುಂದೆ ಬರಲಿಲ್ಲ. ಸೀನಿಯಾರಿಟಿ ಪ್ರಕಾರ ಆಗಲಿ ಅಂತ ಹೊಸಬರು ಅಂದರು. ಹೊಸಬರಿಗೆ ಅನುಭವ ಬೇಕು ಅಂತ ಸೀನಿಯರುಗಳು ಅಂದರು.

ಕೊನೆಗೆ ಕಿರಣ್‌ಕುಮಾರ್, ಕಂಪ್ಯೂಟರು ಬೇಡ, ಎಲ್ಲರ ಫೋನಿಗೇ ಕಳಿಸೋಣ ಅಂದರು. ಮಾಲಿನಿ ಮೇಡಂ ನೌಕರರ ಮತ್ತು ಮನೆಯವರ ಹೆಸರು, ಫೋನ್ ನಂಬರು ಇದ್ದ ಹಳೇ ಪಟ್ಟಿ ಕೊಟ್ಟರು. ಅದು ಸರ್ವರಿಗೆ ಹೋಯಿತು.

ಮುಂದಿನ ಸೋಮವಾರ ಹತ್ತು ಗಂಟೆಗೆ ಎಲ್ಲರೂ ಫೋನು ಸ್ವಿಚ್ ಆಫ್ ಮಾಡಿ, ಮೇಜಿನ ಮೇಲೆ ಇಟ್ಟು, ಕೈಕಟ್ಟಿ ಕೂತರು. ಒಂದೇ ಫೋನು ಆನ್ ಇತ್ತು.

ಮೆಸೇಜು ಬಂತು. "ಕುಟುಂಬ ಆರೋಗ್ಯ ಕಾರ್ಡು. ಸದಸ್ಯರು: ಉಮಾಮಹೇಶ್ವರಿ. ಹೌದು ಎಂದು ಒತ್ತಿ ಖಚಿತಪಡಿಸದಿದ್ದಲ್ಲಿ ಸದರಿ ಹೆಸರನ್ನು ಅಳಿಸಲಾಗುವುದು."

ಸುಳ್ಳು ಅಂತ ಗೊತ್ತಿತ್ತು. ಹೆಸರು ಸುಳ್ಳಲ್ಲವಲ್ಲ. ಒತ್ತಿದೆ.

ಸ್ಟೋರ್ ರೂಮಿನಲ್ಲಿ ಡಬ್ಬ ಕೂಗಿತು. ಕಿರಣ್‌ಕುಮಾರ್ ಓಡಿ ಬಂದು, "ಬಂತು! ಒಬ್ರು ಬಿದ್ರು!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರು ಅಂತ ಗೊತ್ತಾದ ಮೇಲೆ ನಿಲ್ಲಿಸಿದರು. ಮೊದಲು ಚಹಾ ತರೋಕೆ ನನ್ನನ್ನೇ ಕಳಿಸಿದರು. ಆಮೇಲೆ ನನ್ನ ಮೇಲೆ ವಿಚಾರಣೆ ನಡೆಯಿತು.

"ಸುಳ್ಳು ಅಂತ ಗೊತ್ತಿದ್ದೂ ಒತ್ತಿದ್ರಾ ಅಡವಿಯಪ್ಪ?" ಅಂತ ಅಧ್ಯಕ್ಷರು ಕೇಳಿದರು.

"ಹೂಂ ಸಾರ್."

"ಯಾಕ್ರೀ?"

"ಅಳಿಸ್ತೀವಿ ಅಂತ ಬರ್ದಿತ್ತು ಸಾರ್. ಈಗ ಅಳಿಸಲ್ಲ ತಾನೇ?"

ಮಾಲಿನಿ ಮೇಡಂ ತಮ್ಮ ಕಂಪ್ಯೂಟರು ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಅಡವಿಯಪ್ಪ, ನಿಜವಾದ ಕಾರ್ಡಲ್ಲಿ ಆಗ್ಲೇ ತೆಗೆದಾಗಿದೆ. ನಿಯಮ ಇದೆ. ಅವರು ತೀರಿಕೊಂಡ ವಾರಾನೇ ತೆಗೆದ್ವಿ. ಈಗ ಇರೋದು ಈ ಸುಳ್ಳು ಸರ್ವರಲ್ಲಿ ಮಾತ್ರ."

"ಅದೂ ಹಳೇ ಪಟ್ಟಿ ಮೇಡಂ," ಅಂದರು ಕಿರಣ್‌ಕುಮಾರ್. "ಸಂಜೆ ಹೊಸದು ಹಾಕ್ತೀನಿ. ಹೋಗ್ಬಿಡತ್ತೆ."

ನಾನು ಸಂಘದಲ್ಲಿ ಏನನ್ನೂ ಕೇಳಿದವನಲ್ಲ. ಆವತ್ತು ಕೇಳಿದೆ. "ಹಳೇದೇ ಇರ್ಲಿ ಸಾರ್. ನಿಜದಲ್ಲಿ ತೆಗ್ದಿದ್ದೀರಿ. ಸುಳ್ಳಲ್ಲಾದ್ರೂ ಇರ್ಲಿ."

"ಅದು ಹ್ಯಾಗ್ರೀ ಆಗತ್ತೆ, ತೀರಿಹೋದವರ ಹೆಸರು..." ಅಂತ ಮಾಲಿನಿ ಮೇಡಂ ಶುರು ಮಾಡಿದರು.

"ಒಂದ್ನಿಮಿಷ," ಅಂದರು ಅಧ್ಯಕ್ಷರು. "ಕಿರಣ್, ಹೊಸ ಪಟ್ಟಿ ಹಾಕಿದ್ರೆ ಇನ್ಯಾರಾದ್ರೂ ಒತ್ತಾರೇನ್ರೀ?"

"ಇಲ್ಲ ಸಾರ್. ಎಲ್ಲಾ ಆಫ್ ಮಾಡ್ಕೊಂಡು ಕೂತಿರ್ತಾರೆ."

"ಪರೀಕ್ಷೆ ಎಷ್ಟು ಸಲ ಆಗ್ಬೇಕು?"

"ವಾರ ವಾರ ಸಾರ್. ಪ್ರತಿ ಸಲಾನೂ ಒಬ್ರು ಬೀಳ್ಬೇಕು."

"ಇವರಿಗೆ ತರಬೇತಿ ಕೊಟ್ರೆ?"

"ಕೊಟ್ರೆ ಹುಷಾರಾಗ್ಬಿಡ್ತಾರೆ. ಸಂಘ ಮುಳುಗೋಯ್ತದೆ."

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಹಳೇ ಪಟ್ಟಿ ಮುಟ್ಟಬೇಡಿ ಅಂದು, ಆ ಭಾನುವಾರವೇ ವಿಶೇಷ ಸಭೆ ಕರೆದು ನಿರ್ಣಯ ಮಾಡಿದರು.

"ಸಂಘದ ಸುರಕ್ಷತೆಯ ಹಿತದೃಷ್ಟಿಯಿಂದ ದಿವಂಗತ ಶ್ರೀಮತಿ ಉಮಾಮಹೇಶ್ವರಿಯವರ ಹೆಸರನ್ನು ಸುಳ್ಳು ಸರ್ವರಿನಲ್ಲಿ ಮಾತ್ರ ಕಾಯಂ ಆಗಿ ಉಳಿಸಿಕೊಳ್ಳುವುದು. ಸದರಿ ಹೆಸರನ್ನು ಅಳಿಸಲಾಗುವುದೆಂದು ವಾರಕ್ಕೊಮ್ಮೆ ಬೆದರಿಸುವುದು. ಶ್ರೀ ಅಡವಿಯಪ್ಪನವರನ್ನು ಒತ್ತುವ ನೌಕರರೆಂದು ನೇಮಿಸುವುದು. ಇವರಿಗೆ ಯಾವುದೇ ಕಾರಣಕ್ಕೂ ತರಬೇತಿ ನೀಡಕೂಡದು."

ಗುಬ್ಬಿಯವರು ಫೋನಿನಲ್ಲಿ ಒಪ್ಪಿದರು, ವೈರು ಮಾತ್ರ ಲಾಕರಿನಲ್ಲೇ ಇರತಕ್ಕದ್ದು ಅಂತ ಸೇರಿಸಿದರು. ಕುಣಿಗಲ್‌ನಿಂದ ಒಪ್ಪಿಗೆ ಪತ್ರ ಪ್ರಿಂಟಾಗಿ ಬಂತು. ತಾರೀಖು ಎರಡು ಸಾವಿರದ ಹದಿನಾಲ್ಕರದು. ಅಂಗೀಕರಿಸಲಾಯಿತು. ಸಭೆ ವಂದನಾರ್ಪಣೆಯೊಂದಿಗೆ ಮುಗಿಯಿತು. ಮಾಲಿನಿ ಮೇಡಂ ಹೋಗುವಾಗ ನನ್ನ ಹತ್ತಿರ ನಿಂತು, "ನಾಳೆ ಹತ್ತಕ್ಕೆ ರೆಡಿ ಇರಿ ಅಡವಿಯಪ್ಪ" ಅಂದರು. ಅಷ್ಟೇ.

ಮಾರನೇ ದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಆಫೀಸಿಗೆ ಹೋದೆ. ನನಗೆ ಕುರ್ಚಿ ಹಾಕಿದ್ದರು. ಹತ್ತು ಗಂಟೆಗೆ ಮೆಸೇಜು ಬಂತು. ಎಲ್ಲರೂ ಸುತ್ತ ನಿಂತರು.

"ಒತ್ರೀ," ಅಂದರು ಅಧ್ಯಕ್ಷರು.

"ಇರಿ ಸಾರ್. ಓದ್ತಾ ಇದೀನಿ."

ಒಂದೊಂದೇ ಅಕ್ಷರ ಓದಿದೆ. ಅವಳದು ಉದ್ದ ಹೆಸರು. ಮುಗಿಸೋದರೊಳಗೆ ಪೇಜು ಮುಚ್ಚಿಕೊಂಡಿತು. ಸಮಯ ಮೀರಿದೆ ಅಂತ ಬಂತು.

"ಕಿರಣ್, ಏನ್ರೀ ಇದು?" ಅಂದರು ಅಧ್ಯಕ್ಷರು. ಕಿರಣ್‌ಕುಮಾರ್ ಸ್ಟೋರ್ ರೂಮಿಗೆ ಹೋಗಿ ಏನೋ ಬದಲಾಯಿಸಿದರು. ಅಲ್ಲಿಂದಲೇ ಕೂಗಿದರು. "ಈಗ ಎಷ್ಟು ಹೊತ್ತಾದ್ರೂ ಕಾಯ್ತದೆ. ನಿಧಾನಕ್ಕೆ ಓದಿ."

ಮೊದಲಿನಿಂದ ಓದಿದೆ. ಎಲ್ಲರೂ ನಿಂತಿದ್ದರು. ಒಳಗೆ ಸರ್ವರು ಕಾಯುತ್ತಿತ್ತು. ಓದಿ ಮುಗಿದ ಮೇಲೆ ಇನ್ನೊಂದು ಸಲ ಓದಿದೆ. ಆಮೇಲೆ ಹೌದು ಅಂತ ಒತ್ತಿದೆ.