ಎಂಬತ್ತನಾಲ್ಕರ ಇಪ್ಪತ್ತನಾಲ್ಕು ಎರರ್‌ಗಳು

ಮಾರ್ಲೋ ಫಾಲ್ಸ್ ಊರಿನವರು ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಕೊನೆಗೆ ಸತ್ತವರ ಮನೆಯ ಅಂಗಳದಲ್ಲೂ ನಲವತ್ತು ವರ್ಷ ಕಿತ್ತಾಡಿ ಬಗೆಹರಿಸಲಾಗದ ಜಗಳವನ್ನು ತಾನೊಬ್ಬನೇ, ಒಂದೇ ಪೆನ್ಸಿಲಿನಲ್ಲಿ, ಮೂರೇ ವಾರದಲ್ಲಿ ಮುಗಿಸಿಬಿಡುವೆನೆಂದು ವರ್ನನ್ ಕ್ರೌಸ್ ಘೋಷಿಸಿದ.

ಜಗಳ ಇಷ್ಟೇ. ಊರಿನ ಬೇಸ್‌ಬಾಲ್ ತಂಡ ಕಂಡ ಅತ್ಯುತ್ತಮ ದಾಂಡಿಗ ಯಾರು? ಐವತ್ತಮೂರನೇ ಇಸವಿಯ ಆರ್ವಿಲ್ಲೋ, ಎಂಬತ್ತನಾಲ್ಕರ ರಸ್ಟಿಯೋ? ಮೈದಾನದ ಎಡಬದಿಯ ಬೇಲಿಯ ಮೇಲೆ ಆಳುದ್ದದ ಅಕ್ಷರಗಳಲ್ಲಿ ಒಂದು ಹೆಸರು ಬರೆಸಬೇಕೆಂದು ಸಮಿತಿ ತೀರ್ಮಾನಿಸಿತ್ತು. ಮತ ಹಾಕಿದರೆ ಊರು ಸರಿಯಾಗಿ ಎರಡು ಹೋಳಾಯಿತು. ಹೀಗಾಗಿ ಗಣಿತದ ಮೇಷ್ಟ್ರಾಗಿ ನಿವೃತ್ತನಾದ, ಮೂವತ್ತು ವರ್ಷ ತಂಡದ ಸ್ಕೋರ್ ಪುಸ್ತಕ ಬರೆದ ವರ್ನನ್‌ಗೆ ಪಟ್ಟ ಕಟ್ಟಿದರು.

ಆರ್ವಿಲ್ ಎಂದರೆ ವರ್ನನ್‌ನ ತೀರಿಹೋದ ಮಾವ, ಹೆಂಡತಿ ಲೋರ್ನಾಳ ಅಪ್ಪ. ರಸ್ಟಿ ಎಂದರೆ, ವರ್ನನ್‌ಗಿಂತ ಮುಂಚೆ ಲೋರ್ನಾ ಕೈಹಿಡಿದು ಓಡಾಡಿದ್ದವನು! ಸತ್ತ ಮಾವನಿಗೆ ಕೀರ್ತಿ, ಬದುಕಿರುವ ರಸ್ಟಿಗೆ ಮುಖಭಂಗ. ಅಪ್ಪನ ಹೆಸರು ಬೇಲಿಯೇರಿದರೆ ಲೋರ್ನಾ ಒಂದು ಸಲವಾದರೂ ತನ್ನನ್ನು ಮೆಚ್ಚಿ ನೋಡಿಯಾಳು. ಮದುವೆಯಾದಂದಿನಿಂದ ಅವನು ಕಾಯುತ್ತಿದ್ದುದು ಆ ಒಂದು ನೋಟಕ್ಕೆ.

"ಬೇಡ ಕಣೋ ವರ್ನ್," ಎಂದಳು ಲೋರ್ನಾ. "ಅಪ್ಪ ಚೆನ್ನಾಗಿ ಆಡ್ತಿದ್ದ, ರಸ್ಟೀನೂ ಚೆನ್ನಾಗಿ ಆಡ್ತಿದ್ದ. ಒಬ್ಬ ರಿಟೈರ್ ಆದಾಗ ಇನ್ನೊಬ್ಬ ಹುಟ್ಟೇ ಇರಲಿಲ್ಲ. ಅದೇನು ಹೋಲಿಸ್ತೀಯ?"

"ಅದಕ್ಕೇ ವಿಜ್ಞಾನ ಇರೋದು! ಒಬ್ಬೊಬ್ಬನನ್ನೂ ಅವನವನ ಕಾಲದವರ ಪಕ್ಕ ನಿಲ್ಲಿಸಿ ತೂಗಬೇಕು."

"ತೂಗು. ಊಟದ ಮೇಜು ಮಾತ್ರ ಬಿಟ್ಟುಕೊಡು."

ಮೇಜು ಸಿಗಲಿಲ್ಲ. ಮೂರು ವಾರ ಅದರ ಮೇಲೆ ಹಳೇ ಸ್ಕೋರ್ ಪುಸ್ತಕಗಳು ಗುಡ್ಡ ಬಿದ್ದವು. ಲೋರ್ನಾ ಸಿಂಕಿನ ಪಕ್ಕ ನಿಂತು ಸೂಪು ಕುಡಿದಳು. ಒಂದು ದಿನ ಐವತ್ತೇಳನೆಯ ಇಸವಿಯ ಮೇಲೆ ಗ್ರೇವಿ ಚೆಲ್ಲಿತು. ವರ್ನನ್ ಅದನ್ನು ಹೇರ್ ಡ್ರೈಯರಿನಲ್ಲಿ ಒಣಗಿಸುತ್ತಿದ್ದಾಗ ಮನೆಯ ಫ್ಯೂಸ್ ಹಾರಿ, ಫ್ರಿಜ್ಜಿನಲ್ಲಿದ್ದ ಮಾಂಸವೆಲ್ಲ ನಾಯಿಯ ಪಾಲಾಯಿತು. ವಿಜ್ಞಾನ ನಿಲ್ಲಲಿಲ್ಲ!

ಆರ್ವಿಲ್ ನೂರು ಸರದಿಗೆ ಮೂವತ್ತೈದು ಹಿಟ್ ಹೊಡೆದಿದ್ದ; ಅಂದರೆ ಅಷ್ಟು ಸಲ ಸ್ವಂತ ಹೊಡೆತದ ಬಲದಿಂದಲೇ ಓಡಿ ಬೇಸ್ ಎಂಬ ಗುರುತನ್ನು ಮುಟ್ಟಿದ್ದ. ಅವನ ಕಾಲದ ಮಿಕ್ಕವರದು ಇಪ್ಪತ್ತೈದು. ಹತ್ತು ಹೆಚ್ಚು. ರಸ್ಟಿ ನೂರಕ್ಕೆ ಮೂವತ್ತೊಂದು, ಅವನ ಕಾಲದವರು ಇಪ್ಪತ್ತೆಂಟು. ಬರೀ ಮೂರು ಹೆಚ್ಚು! ವರ್ನನ್ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದ.

ಅಷ್ಟಕ್ಕೇ ಸುಮ್ಮನಿದ್ದರೆ ಅವನು ವರ್ನನ್ ಹೇಗಾದಾನು? ಮೈದಾನ ಮೈದಾನಕ್ಕೂ ವ್ಯತ್ಯಾಸ ಉಂಟಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಊರಿನ ಪಂದ್ಯ ಬೇರೆ, ಹೊರಗಿನ ಪಂದ್ಯ ಬೇರೆ ಮಾಡಿದ. ಹೊರಊರುಗಳಲ್ಲಿ ರಸ್ಟಿ ನೂರಕ್ಕೆ ನಲವತ್ತು, ಸ್ವಂತ ಊರಿನಲ್ಲಿ ಇಪ್ಪತ್ತೆರಡು. "ನಮ್ಮ ಜನರ ಮುಂದೆ ಇವನ ಕೈ ನಡುಗ್ತಿತ್ತು!" ಎಂದು ಕೆಂಪು ಶಾಯಿಯಲ್ಲಿ ಬರೆದು, ಹಾಳೆಗಳ ನಕಲು ತೆಗೆಸಿ, ಭಾನುವಾರ ಚರ್ಚಿನ ಸಭಾಂಗಣದ ಗೋಡೆಗೆ ಉದ್ದಕ್ಕೂ ಅಂಟಿಸಿದ.

ಊರಿಗೆ ಊರೇ ಆಲೂಗಡ್ಡೆ ಸಲಾಡು, ಚೆರ್ರಿ ಪೈ ಹೊತ್ತುಕೊಂಡು ಬಂದಿತ್ತು. ಟೈರ್ ಅಂಗಡಿಯ ರಸ್ಟಿ ತನ್ನ ಡೊಳ್ಳುಹೊಟ್ಟೆಯೊಂದಿಗೆ ಕೊನೆಯ ಕುರ್ಚಿಯಲ್ಲಿ ಕೂತಿದ್ದ. ವರ್ನನ್ ಮುಕ್ಕಾಲು ಗಂಟೆ ಮಾತಾಡಿ, "ಸಂಖ್ಯೆಗೆ ಸ್ನೇಹ ಇಲ್ಲ, ದ್ವೇಷ ಇಲ್ಲ. ಯಾರು ಬೇಕಾದ್ರೂ ಪರೀಕ್ಷೆ ಮಾಡಿ!" ಎಂದು ಎದೆಯುಬ್ಬಿಸಿ ನಿಂತ.

ಲೈಬ್ರರಿಯಲ್ಲಿ ಇಡೀ ಊರನ್ನು ಗದರಿಸಿಕೊಂಡೇ ಮುದುಕಿಯಾದ ಮಿಸೆಸ್ ಆಸ್ಟರ್‌ಮನ್, ಕನ್ನಡಕ ಏರಿಸಿಕೊಂಡು ಗೋಡೆಯ ಹತ್ತಿರ ಹೋಗಿ, ಹಾಳೆಯಿಂದ ಹಾಳೆಗೆ ಬೆರಳಾಡಿಸುತ್ತ ಎಣಿಸಿದಳು.

"ಏನಪ್ಪಾ ವರ್ನನ್, ಇಲ್ಲಿ 'ಇ' ಅಂತ ಬರೆದಿದೆಯಲ್ಲ, ಏನದು?"

"ಎರರ್, ಮೇಡಂ. ದಾಂಡಿಗ ಬೇಸ್ ತಲುಪಿದ್ದು ತನ್ನ ಹೊಡೆತದಿಂದ ಅಲ್ಲ, ಎದುರಿನವನು ಚೆಂಡು ಕೈಬಿಟ್ಟಿದ್ದರಿಂದ. ಅದು ಹಿಟ್ ಅನ್ನಿಸಿಕೊಳ್ಳಲ್ಲ."

"ಹಿಟ್ಟೋ ಎರರ್ರೋ ಅಂತ ತೀರ್ಮಾನ ಮಾಡೋರು ಯಾರು?"

"ಆಯಾ ಮೈದಾನದ ಸ್ಕೋರರ್. ಅವನ ಮಾತೇ ಕೊನೆ."

"ಸರಿ. ಎಂಬತ್ತನಾಲ್ಕರಲ್ಲಿ ನಮ್ಮೂರಿಗೆ ಬಂದ ತಂಡಗಳು ಇಪ್ಪತ್ತೇಳು ಎರರ್ ಮಾಡಿವೆ. ಅದರಲ್ಲಿ ಇಪ್ಪತ್ತನಾಲ್ಕು ರಸ್ಟಿ ಹೊಡೆದಾಗಲೇ! ಅವನ ಸರದಿ ಬಂದ ತಕ್ಷಣ ಎಲ್ಲರೂ ಕೈಗೆ ಎಣ್ಣೆ ಸವರಿಕೊಳ್ತಿದ್ರಾ? ಹೊರಊರಲ್ಲಿ ಹುಡುಕಿದೆ, ಒಂದೂ ಇಲ್ಲ." ಆಕೆ ಹಾಳೆಯ ಕೆಳಗೆ ಬೆರಳಿಟ್ಟಳು. "ಇಲ್ಲಿರೋ ಸಹಿ ಯಾರದು? ವಿ. ಕ್ರೌಸ್."

ಸಹಿ ನೋಡಲು ಸಾಲುಸಾಲೇ ಕತ್ತು ಚಾಚಿತು.

ದೇವರಾಣೆ, ವರ್ನನ್ ಅದನ್ನು ಮರೆತೇಬಿಟ್ಟಿದ್ದ! ಇಪ್ಪತ್ತಮೂರರ ಹರೆಯದಲ್ಲಿ, ಕೆಳಗೆ ಲೋರ್ನಾ ರಸ್ಟಿಗಾಗಿ ಚಪ್ಪಾಳೆ ತಟ್ಟುತ್ತಿದ್ದಾಗ, ಮೇಲೆ ಸ್ಕೋರರನ ಗೂಡಿನಲ್ಲಿ ಹಲ್ಲು ಕಚ್ಚಿ ಬರೆದ 'ಇ'ಗಳವು. ಬರೆದದ್ದನ್ನು ವರ್ಷಗಟ್ಟಲೆ ತಾನೇ ಓದಿ, ತಾನೇ ನಂಬಿಬಿಟ್ಟಿದ್ದ. ಈಗ ಅವನದೇ ಕೆಂಪು ಶಾಯಿ ಗೋಡೆಯ ಮೇಲಿಂದ ಅವನನ್ನು ನೋಡಿ ಕಿಸಿಯುತ್ತಿತ್ತು.

"ಇವನ್ನೆಲ್ಲ ಹಿಟ್ ಅಂತ ಹಿಡಿದ್ರೆ ಎಷ್ಟಾಗುತ್ತಪ್ಪ, ಮೇಷ್ಟ್ರೇ?"

"ನೂರಕ್ಕೆ... ನಲವತ್ತಮೂರು."

"ಅವನ ಕಾಲದವರಿಗಿಂತ?"

"ಹದಿನೈದು ಹೆಚ್ಚು."

"ಆರ್ವಿಲ್‌ದು ಹತ್ತು. ನಿನ್ನ ವಿಜ್ಞಾನಾನೇ ಹೇಳ್ತಲ್ಲ! ಬಣ್ಣ ತರಿಸಿ."

ರಸ್ಟಿ ಎದ್ದು ನಿಧಾನವಾಗಿ ಬಂದ. ಹೊಡೆಯುತ್ತಾನೆಂದುಕೊಂಡು ವರ್ನನ್ ಕಣ್ಣು ಮುಚ್ಚಿದ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು!

"ಆ ಆಗಸ್ಟ್‌ನಲ್ಲಿ ದೊಡ್ಡ ತಂಡದವರು ನನ್ನನ್ನ ನೋಡೋಕೆ ಬಂದಿದ್ರು, ವರ್ನ್. ನಿನ್ನ ಪುಸ್ತಕ ತಿರುವಿ ಹಾಕಿ ವಾಪಸ್ ಹೋದ್ರು. ಗೂಡಿನಲ್ಲಿ ಕೂತಿದ್ದವನು ನೀನು ಅಂತ ಗೊತ್ತಿತ್ತು. ಇಪ್ಪತ್ತನಾಲ್ಕು ಅಂತ ಗೊತ್ತಿರಲಿಲ್ಲ." ಅಷ್ಟು ಹೇಳಿ ಪೈ ತಟ್ಟೆ ಎತ್ತಿಕೊಂಡು ಹೊರಗೆ ನಡೆದ.

ಮನೆಗೆ ಹೋಗುವಾಗ ಕಾರು ಓಡಿಸಿದ್ದು ಲೋರ್ನಾ. ಧಾನ್ಯದ ಗೋದಾಮು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಆ ವರ್ಷ ಅಪ್ಪ ದಿನಾ ಬೆಳಿಗ್ಗೆ ಪೇಪರಿನಲ್ಲಿ ನೀನು ಕಳಿಸಿದ ಸ್ಕೋರ್ ಓದ್ತಿದ್ದ, ನೆನಪಿದೆಯಾ?"

"ಇದೆ."

"'ಸ್ವಂತ ಊರಲ್ಲೇ ಹೊಡೆಯೋಕಾಗದವನು ಸಂಸಾರ ಏನು ಮಾಡ್ತಾನೆ, ಬಿಡು ಅವನನ್ನ' ಅಂತ ದಿನಾ ಹೇಳ್ತಿದ್ದ. ದಿನಾ ಕೇಳಿ ಕೇಳಿ ನಾನೂ ಬಿಟ್ಟೆ. ಅವತ್ತೇ ಸಂಜೆ ನೀನು ಹೂ ಹಿಡ್ಕೊಂಡು ಬಂದೆ."

ವರ್ನನ್ ಅವಳತ್ತ ತಿರುಗಿದ. "ಲೋರ್ನಾ, ಹೇಗೋ ಒಂದು, ನಾವು ಇಷ್ಟು ವರ್ಷ ಬಾಳಲಿಲ್ವಾ? ನಾನು ನಿನ್ನ ಗೆದ್ದುಕೊಂಡೆ ತಾನೇ?"

ಲೋರ್ನಾ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದಳು. ಅವನ ಜೇಬಿನಲ್ಲಿದ್ದ ಪೆನ್ಸಿಲನ್ನು ತೆಗೆದು, ಅವನ ಕೈಗೇ ಕೊಟ್ಟಳು. ಅವನು ಬಯಸಿದ್ದಂತೆ, ಮೊದಲ ಬಾರಿಗೆ ಅವನ ಮುಖವನ್ನು ಪೂರ್ತಿಯಾಗಿ ನೋಡಿದಳು.

"ನೀನು ಬೇಸ್ ತಲುಪಿದ್ದು ನಿಜ, ವರ್ನ್. ಆದ್ರೆ ಅದು ನಿನ್ನ ಹಿಟ್ ಅಲ್ಲ. ನಾನು ಚೆಂಡು ಕೈಬಿಟ್ಟೆ. ಬರ್ಕೋ."