ಹುಲಿಗೆ ಅನುಮತಿ ಇಲ್ಲ

ಮಹಾತಪಸ್ವಿಗಳು ಅನ್ನ ಬಿಟ್ಟಿದ್ದಾರೆ, ನಿದ್ದೆ ಬಿಟ್ಟಿದ್ದಾರೆ, ಮಾತು ಬಿಟ್ಟಿದ್ದಾರೆ. ನಮ್ಮ ಕಥಾನಾಯಕ ಬಿಟ್ಟದ್ದು ಕಂಪ್ಯೂಟರ್ ಆರಿಸುವುದನ್ನು. ಕೊಂಡ ದಿನ ಹೊತ್ತಿಸಿದ್ದು, ಇಂದಿಗೂ ಆರಿಲ್ಲ. ಅದರ ಮೂಲೆಯಲ್ಲಿ ಸದಾ ತೆರೆದಿರುವ ಒಂದು ಕಪ್ಪು ಕಿಟಕಿ. ಅದರಲ್ಲಿ ಕೂತು ಆಜ್ಞೆ ಹೊರಡಿಸುವಾಗ ಅವನು ಬರೀ ಗಂಡನಲ್ಲ, ‘ರೂಟ್’. ಆ ಯಂತ್ರವನ್ನು ನಡೆಸುವ ಲಿನಕ್ಸ್ ಸಾಮ್ರಾಜ್ಯದ ಚಕ್ರವರ್ತಿ. ನೆಂಟರು ಇದನ್ನು ಶಿಸ್ತು ಎಂದರು, ನೆರೆಯವರು ವ್ರತ ಎಂದರು. ಕಿಟಕಿ ಮುಚ್ಚಿದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ.

ಅದೇ ಯಂತ್ರದಲ್ಲಿ ಹೆಂಡತಿಗೂ ಒಂದು ಖಾತೆಯಿದೆ, ಸಾಮಾನ್ಯ ಪ್ರಜೆಯದು. ಅವನ ಪರದೆಯಿಂದ ತನ್ನದಕ್ಕೆ ದಾಟಬಹುದು, ಆದರೆ ಲಾಗೌಟ್, ಅಂದರೆ ಖಾತೆ ಮುಚ್ಚಿ ಹೊರಬರುವುದು, ಅವಳಿಗೂ ನಿಷಿದ್ಧ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಅವಳು ಇಂದು ಸಂಜೆ ಐದರೊಳಗೆ ಮುಖಪುಟದ ಹುಲಿಯನ್ನು ಪ್ರಕಾಶಕರಿಗೆ ಕಳಿಸಬೇಕು. ತಪ್ಪಿದರೆ ಅವರು ಯಾವುದೋ ಹಳೆಯ ಮೊಲವನ್ನು ಅಚ್ಚು ಹಾಕುತ್ತಾರೆ.

ಹೆಂಡತಿ: ನಾನೇ ಬರೆದ ಹುಲಿ ರೀ! ಅದನ್ನ ತೆರೆಯೋಕೆ ನನಗೇ ಅನುಮತಿ ಇಲ್ವಂತೆ!

ಗಂಡ: ಸ್ಕ್ಯಾನ್ ಮಾಡಿದ್ದು ರೂಟ್. ಹಾಗಾಗಿ ಹುಲಿ ರೂಟ್‌ದು.

ಹೆಂಡತಿ: ರೂಟ್ ಯಾರು?

ಗಂಡ: ನಾನೇ.

ಹೆಂಡತಿ: ಹಾಗಾದ್ರೆ ನೀವೇ ತೆಗೆದು ಕಳಿಸಿ.

ಗಂಡ: ನಾನು ನಾನಾಗಿದ್ದಾಗ ನನಗೂ ಅನುಮತಿ ಇಲ್ಲ ಕಣೆ. ರೂಟ್ ಆಗಿದ್ದಾಗ ಹುಲಿ ಬಿಡಿಸೋ ಆಜ್ಞೆ ನನಗಿನ್ನೂ ಬಂದಿಲ್ಲ.

ಮೂಲೆಯ ಕುರ್ಚಿಯಲ್ಲಿ ಅತ್ತೆ ಹಳೆಯ ಸ್ವೆಟರಿನ ಉಣ್ಣೆ ಬಿಚ್ಚುತ್ತಿದ್ದರು.

ಅತ್ತೆ: ಚಿಕ್ಕವನಿದ್ದಾಗ ಬಚ್ಚಲಿಗೆ ಒಳಗಿಂದ ಚಿಲಕ ಹಾಕ್ಕೊಂಡು, ಹೊರಗೆ ಬಿಡಿ ಅಂತ ಅತ್ತಿದ್ದ. ಅದೇ ಬುದ್ಧಿ.

ಹೆಂಡತಿ: ನಾನೇ ಸ್ಕ್ಯಾನ್ ಮಾಡ್ತೀನಿ ಅಂದ್ರೆ ಸ್ಕ್ಯಾನರೇ ಇಲ್ಲ ಅನ್ನತ್ತೆ. ಕಣ್ಣೆದುರಿಗೆ ಕೂತಿದೆ, ದೀಪ ಬೇರೆ ಉರೀತಿದೆ!

ಗಂಡ: ಅದು ಇದೆ ಅಂತ ತಿಳ್ಕೊಳ್ಳೋ ಅಧಿಕಾರ ನಿನಗಿಲ್ಲ. ಇರು, ಸ್ಕ್ಯಾನರ್ ಮುಟ್ಟೋರ ಗುಂಪಿಗೆ ನಿನ್ನ ಸೇರಿಸ್ತೀನಿ.

ಚಕ್ರವರ್ತಿ ಬೆರಳುಗಳ ಲಟಿಕೆ ಮುರಿದ. ಕಪ್ಪು ಕಿಟಕಿಗೆ ಒಂದು ಸಾಲು ಇಳಿಯಿತು.

ಗಂಡ: ಈಗ ಒತ್ತು.

ಹೆಂಡತಿ: ಸ್ಕ್ಯಾನರ್ ಇಲ್ಲ.

ಅತ್ತೆ: ನನ್ನನ್ನೂ ಸೇರಿಸೋ. ಗುಂಪು ಅಂದ್ಮೇಲೆ ಜನ ಬೇಡ್ವಾ?

ಅವನು ತಂತಿ ಕಿತ್ತು ಚುಚ್ಚಿದ. ಸ್ಕ್ಯಾನರಿನ ಬೆನ್ನು ತಟ್ಟಿದ, ಆಮೇಲೆ ಗದರಿದ. ಗಡಿಯಾರ ಐದರತ್ತ ತೆವಳುತ್ತಿತ್ತು.

ಹೆಂಡತಿ: ಸಾಕು. ಮೊಲಾನೇ ಹಾಕ್ಕೊಳ್ಳಲಿ. ನಾನು ಹೊರಟೆ.

ಗಂಡ: ಎಲ್ಲಿಗೆ?

ಹೆಂಡತಿ: ನಿಮ್ಮ ಸಾಮ್ರಾಜ್ಯದಿಂದ ಆಚೆ!

ಅವಳು ಲಾಗೌಟ್ ಒತ್ತಿಯೇ ಬಿಟ್ಟಳು.

ಗಂಡ: ಅಯ್ಯಯ್ಯೋ! ಏನ್ ಮಾಡ್ದೆ!

ಆದರೆ ಪ್ರಕಾಶಕರಿಗೆ ಕ್ಷಮಿಸಿ ಎಂದು ಬರೆಯುವುದಕ್ಕಾದರೂ ಒಳಗೆ ಬರಲೇಬೇಕಲ್ಲ. ಗುದ್ದಿ ಗುದ್ದಿ ಪಾಸ್‌ವರ್ಡ್ ಹಾಕಿದಳು. ಹಟಕ್ಕೆ ಸ್ಕ್ಯಾನ್ ಗುಂಡಿಯನ್ನೂ ಒಮ್ಮೆ ಒತ್ತಿದಳು. ಯಂತ್ರ ಗುರ್ರ್ ಎಂದಿತು. ಕಿವಿ, ಮೀಸೆ, ಪಟ್ಟೆ ಪಟ್ಟೆಯಾಗಿ ಹುಲಿ ಪರದೆಗೆ ಇಳಿದು ಬಂತು. ಐದು ಹೊಡೆಯುವ ಮೊದಲೇ ಪ್ರಕಾಶಕರನ್ನು ಸೇರಿಯೂ ಬಿಟ್ಟಿತು.

ಗಂಡ (ಗಂಟಲು ಸರಿಮಾಡಿಕೊಂಡು): ಗುಂಪಿಗೆ ಸೇರಿಸಿದ ಮೇಲೆ ಒಂದ್ಸಲ ಹೊರಗೆ ಹೋಗಿ ಒಳಗೆ ಬರಬೇಕು. ಆಗಲೇ ಹೊಸ ಅಧಿಕಾರ ಸಿಗೋದು. ಇದೆಲ್ಲ ಗೊತ್ತಿರೋ ವಿಷಯಾನೇ.

ಹೆಂಡತಿ: ಹೊರಗೆ ಹೋಗಿ ಬಂದ್ರೆ ಈ ಮನೇಲಿ ಬೆಲೆ ಬರತ್ತೆ ಅಂತ ಮದುವೆಯಾದ ವಾರಾನೇ ಹೇಳಬಾರದಿತ್ತಾ?

ಅತ್ತೆ: ನೀನೂ ಆ ಗುಂಪಿಗೆ ಸೇರ್ಕೊಂಡು ಒಂದ್ಸಲ ಹೊರಗೆ ಹೋಗಿ ಬಾರಪ್ಪ. ಚಕ್ರವರ್ತಿ ವೇಷ ಸಾಕು, ಆ ಕಿಟಕಿ ಮುಚ್ಚು.

ಅವನು ಮೊಟ್ಟೆಗೆ ಕೂತ ಕೋಳಿಯಂತೆ ಕೀಬೋರ್ಡಿನ ಮೇಲೆ ಬಾಗಿದ.

ಹೆಂಡತಿ: ಯಾಕ್ರೀ? ವ್ರತ ಕೆಡತ್ತಾ?

ಗಂಡ: ರೂಟ್ ಪಾಸ್‌ವರ್ಡ್ ಮರೆತುಹೋಗಿದೆ ಕಣೆ.